ಹೂಬರ್ ಹೋಗಿ ಹೂವರ್: ಅಮೆರಿಕಕ್ಕೆ ಬಂದ ಜರ್ಮನ್ ಹಿರಿಯರನ್ನು ಹುಡುಕುವುದು ಹೇಗೆ?

ಅಮೆರಿಕದ ಅಧ್ಯಕ್ಷರಾಗಿದ್ದ ಹರ್ಬರ್ಟ್ ಹೂವರ್ ಅವರ ಪೂರ್ವಜ ಆಂದ್ರೆಯಾಸ್ ಹೂಬರ್ 1738ರಲ್ಲಿ ಪೆನ್ಸಿಲ್ವೇನಿಯಕ್ಕೆ ಬಂದವರು. ಹಳೇ ದಾಖಲೆಯಲ್ಲಿ 'ಹೂವರ್' ಅಂತಲೇ ಹುಡುಕುತ್ತಾ ಕೂತರೆ ಆ ಅಜ್ಜ ಸಿಗುವುದೇ ಇಲ್ಲ.

ಮೊದಲು ಮನೆಯಿಂದ ಶುರು ಮಾಡಿ. ಬೈಬಲ್‌ನಲ್ಲಿ, ಸಮಾಧಿ ಕಲ್ಲಿನಲ್ಲಿ, ಉಯಿಲಿನಲ್ಲಿ ಅಡ್ಡಹೆಸರು ಹೇಗೆಲ್ಲ ಬರೆದಿದೆಯೋ ಅಷ್ಟನ್ನೂ ಬರೆದುಕೊಳ್ಳಿ. 'ಇದು ತಪ್ಪು ಸ್ಪೆಲ್ಲಿಂಗ್' ಎಂದು ಯಾವುದನ್ನೂ ಬಿಡಬೇಡಿ.

ಆಮೇಲೆ ಹೆಸರನ್ನು ಜೋರಾಗಿ ಹೇಳಿ. ಇಂಗ್ಲಿಷ್ ಗುಮಾಸ್ತ ಬರೆದದ್ದು ಕಿವಿಗೆ ಬಿದ್ದಂತೆ. ಜರ್ಮನ್ನರ 'ಜೆ' ಅಕ್ಷರದ ಉಚ್ಚಾರ 'ಯ', 'ವಿ' ಅಕ್ಷರದ್ದು ಸಾಮಾನ್ಯವಾಗಿ 'ಫ'. ದಕ್ಷಿಣ ಜರ್ಮನಿಯ ಆಡುಮಾತಿನಲ್ಲಿ ಬ-ಪ, ಡ-ಟ, ಗ-ಕ ಜಾಸ್ತಿ ಬೇರೆಯಾಗಿ ಕೇಳಿಸುವುದಿಲ್ಲ. ಹಾಗಾಗಿ ಡೀಟ್ಸ್ ಎಂದದ್ದು ಟೀಟ್ಸ್ ಆಗಬಹುದು. ಮೇಲೆ ಎರಡು ಚುಕ್ಕಿ ಇರುವ ಜರ್ಮನ್ ಸ್ವರಗಳದ್ದು (ä, ö, ü) ಇನ್ನೊಂದು ಪಾಡು. ನಮ್ಮಲ್ಲೇ ನೋಡಿ: 1843ರಲ್ಲಿ 'ಮಂಗಳೂರ ಸಮಾಚಾರ' ತಂದ ಜರ್ಮನ್ ಪಾದ್ರಿಯನ್ನು ಮೊಗ್ಲಿಂಗ್, ಮೋಗ್ಲಿಂಗ್, ಮೇಗ್ಲಿಂಗ್ ಎಂದೆಲ್ಲ ಬರೆಯುತ್ತೇವೆ, ಅಲ್ವಾ? ಆ ಹೆಸರಿನ 'ö' ಸ್ವರ ಕನ್ನಡದಲ್ಲಿಲ್ಲ, ಇಂಗ್ಲಿಷಿನಲ್ಲೂ ಇಲ್ಲ.

ಅರ್ಥವನ್ನೂ ನೋಡಬೇಕು. ತ್ಸಿಮರ್‌ಮಾನ್ ಅಂದರೆ ಬಡಗಿ. ಕೆಲವರ ಹೆಸರು ಅದೇ ಅರ್ಥದ ಇಂಗ್ಲಿಷ್ ಹೆಸರಾಗಿ ಕಾರ್ಪೆಂಟರ್ ಆಯಿತು. ಷ್ನೈಡರ್ ಅಂದರೆ ದರ್ಜಿ. ಒಬ್ಬ ಸ್ನೈಡರ್ ಆದರೆ ಇನ್ನೊಬ್ಬ ಟೇಲರ್.

ಸ್ಪೆಲ್ಲಿಂಗ್ ಬೇರೆಯಾದರೂ ಸದ್ದಿನ ಮೇಲೆ ಹುಡುಕುವ ಸೌಂಡೆಕ್ಸ್ ಎಂಬ ಸಂಕೇತ ಪದ್ಧತಿ ಇದೆ. ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ಹಾಗೇ ಉಳಿದು, ಮುಂದಿನ ವ್ಯಂಜನಗಳಿಗೆ ಅಂಕಿ ಬರುತ್ತದೆ. ಹೂಬರ್‌ಗೂ ಹೂವರ್‌ಗೂ ಅದರಲ್ಲಿ ಒಂದೇ ಸಂಕೇತ: ಎಚ್160. ಆದರೆ ಮೊದಲ ಅಕ್ಷರ ಬದಲಾದರೆ ಅದು ಸೋಲುತ್ತದೆ. 'ಜೆ'ಯಿಂದ ಬರೆದ ಯೇಗರ್ ಜೆ260, 'ವೈ'ಯಿಂದ ಬರೆದರೆ ವೈ260. ಎರಡನ್ನೂ ಹುಡುಕಿ.

ನನಗೆ ತುಂಬ ಇಷ್ಟವಾಗುವ ದಾಖಲೆ ಫಿಲಡೆಲ್ಫಿಯಾದ್ದು. 1727ರಿಂದ ಅಲ್ಲಿ ಹಡಗಿಳಿದ ಜರ್ಮನ್ ಗಂಡಸರು ಬ್ರಿಟಿಷ್ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಬೇಕಿತ್ತು. ಹಡಗಿನ ಕ್ಯಾಪ್ಟನ್ ಕೊಟ್ಟ ಪಟ್ಟಿ ಒಂದು ಕಡೆ, ಅವರೇ ಸಹಿ ಹಾಕಿದ ಪಟ್ಟಿ ಇನ್ನೊಂದು ಕಡೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಬರೆಯಲು ಬಂದವರ ಹೆಸರು ಅವರದೇ ಕೈಬರಹದಲ್ಲಿ, ಜರ್ಮನ್ ಅಕ್ಷರದಲ್ಲಿ ಇರುತ್ತದೆ. ಬಾರದವರು ಗುರುತು ಹಾಕಿದ್ದಾರೆ. ಅಲ್ಲಿ ಹೆಸರು ಮತ್ತೆ ಗುಮಾಸ್ತನದೇ.

ನಂತರ ಬಂದವರಿಗೆ ಜರ್ಮನಿಯ ಹ್ಯಾಂಬರ್ಗ್ ಬಂದರಿನ 1850–1934ರ ಹಡಗು ಪಟ್ಟಿಗಳಿವೆ. ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ ವಲಸಿಗರನ್ನು ತಪಾಸಣೆ ಮಾಡುತ್ತಿದ್ದರು. 'ಅಲ್ಲಿನ ಅಧಿಕಾರಿ ಹೆಸರು ಬದಲಿಸಿದ' ಎಂಬ ಮಾತು ಅನೇಕ ಮನೆಗಳಲ್ಲಿದೆ. ನಂಬಬೇಡಿ. ಅಲ್ಲಿನವರು ಹಡಗಿನಿಂದ ಬಂದ ಪಟ್ಟಿಯನ್ನು ನೋಡಿ ವಿಚಾರಿಸುತ್ತಿದ್ದರು, ಅಷ್ಟೇ.

ಹೆಸರು ಹೊಂದಿತು ಎಂದ ಮಾತ್ರಕ್ಕೆ ನೆಂಟಸ್ತಿಕೆ ಕಟ್ಟಬೇಡಿ. ಹೆಂಡತಿ, ಮಕ್ಕಳು, ಜೊತೆಗೆ ಬಂದ ನೆರೆಯವರು ಕೂಡಿ ಬರಬೇಕು. ಹುಟ್ಟೂರು ಸಿಕ್ಕಿದರೆ ಅಲ್ಲಿನ ಚರ್ಚಿನ ಪುಸ್ತಕ (ದೀಕ್ಷಾಸ್ನಾನ, ಮದುವೆ, ಸಾವಿನ ದಾಖಲೆ) ತೆರೆಸಿ. ಅಣ್ಣತಮ್ಮಂದಿರೆಲ್ಲ 'ಯೋಹಾನ್' ಎಂದೇ ಶುರುವಾದರೆ ಗಾಬರಿ ಬೇಡ, ಕರೆಯುತ್ತಿದ್ದುದು ಎರಡನೇ ಹೆಸರಿನಿಂದ. ಮ್ಯುಲರ್ ಮನೆಯ ಹೆಣ್ಣುಮಗಳು 'ಮ್ಯುಲರಿನ್' ಎಂದು ಕಂಡರೂ ಪುಟ ತಿರುಗಿಸಬೇಡಿ. ಆ ಕಾಲದಲ್ಲಿ ಹೆಂಗಸರ ಅಡ್ಡಹೆಸರಿಗೆ 'ಇನ್' ಸೇರಿಸುವುದು ವಾಡಿಕೆ.