ಊರಿಗೆ ಆಂಬುಲೆನ್ಸ್ ಕರೆಸುವುದು ಹೇಗೆ? ಮೊದಲು ಗೋಡೆಗೊಂದು ಚೀಟಿ ಅಂಟಿಸಿ

ನಾನಿರುವುದು ಬೆಂಗಳೂರಲ್ಲಿ, ಮನೆಯವರು ಮಾಗಡಿ ಕಡೆಯ ಹಳ್ಳಿಯಲ್ಲಿ. ಹೋದ ವರ್ಷ ಒಂದು ರಾತ್ರಿ ದೊಡ್ಡಪ್ಪನಿಗೆ ಎದೆನೋವು ಬಂತು. ಮನೆಯವರು ಫೋನ್ ಮಾಡಿ ‘ಹೊಸಹಳ್ಳಿ, ಬೇಗ ಬನ್ನಿ’ ಅಂದು ಇಟ್ಟುಬಿಟ್ಟರು. ಆಮೇಲೆ ಅದೇ ಫೋನಿನಿಂದ ನೆಂಟರಿಗೆಲ್ಲ ಸುದ್ದಿ ಹೇಳುತ್ತಾ ಕೂತರು. ದಾರಿ ಕೇಳಲು ಡ್ರೈವರ್ ಮಾಡಿದ ಕರೆಗಳೆಲ್ಲ ಎಂಗೇಜ್. ಗಾಡಿ ಇನ್ನೊಂದು ಹೊಸಹಳ್ಳಿಗೆ ಹೋಗಿ ಬಂತು. ದೊಡ್ಡಪ್ಪ ಉಳಿದುಕೊಂಡರು. ಆದರೆ ಇದೇ ತಪ್ಪನ್ನು ಬೇರೆ ಮನೆಗಳಲ್ಲೂ ನೋಡಿದ್ದೇನೆ. ಅದಕ್ಕೇ ಈ ಲೇಖನ.

ಹಂತ 1: ನಂಬರ್. ಆಂಬುಲೆನ್ಸ್‌ಗೆ 108. ಪೊಲೀಸ್, ಬೆಂಕಿ, ಆಂಬುಲೆನ್ಸ್ ಯಾವುದಕ್ಕಾದರೂ 112. ರಾಷ್ಟ್ರೀಯ ಹೆದ್ದಾರಿಯಲ್ಲಿ ಅಪಘಾತವಾದರೆ 1033. ಅಷ್ಟೇ.

ಹಂತ 2: ಸಿಗ್ನಲ್. ಫೋನ್ ಹಿಡಿದು ಮನೆ ಸುತ್ತ ಒಂದು ಸುತ್ತು ಹಾಕಿ. ಎಲ್ಲಿ ನಿಂತರೆ ಮಾತು ಕತ್ತರಿಸುವುದಿಲ್ಲ ಅಂತ ಮನೆಮಂದಿಗೆಲ್ಲ ತೋರಿಸಿ. ಎರಡು ಕಂಪನಿಯ ಸಿಮ್ ಇರಲಿ. 4ಜಿ ಸಿಗದ ಕಡೆ ಹಳೇ 2ಜಿ ನೆಟ್‌ವರ್ಕ್‌ನಲ್ಲಿ ಮಾತಾಡಲು ಆಗಬಹುದು. ಜಿಯೋಗೆ 2ಜಿ ಇಲ್ಲ, ಆದ್ದರಿಂದ ಇನ್ನೊಂದು ಸಿಮ್ 2ಜಿ ಇರುವ ಕಂಪನಿಯದಾಗಿರಲಿ. ನಿಮ್ಮ ಕಂಪನಿಯ ಸಿಗ್ನಲ್ ಪೂರ್ತಿ ಹೋದರೂ 112 ಒತ್ತಿ ನೋಡಿ. ಅದು ಬೇರೆ ಕಂಪನಿಯ ಟವರ್ ಮೂಲಕವೂ ಹೋಗಬಲ್ಲದು.

ಆನ್‌ಲೈನ್‌ನಲ್ಲಿ ಸಿಗುವ ‘ಸಿಗ್ನಲ್ ಬೂಸ್ಟರ್’ ಮಾತ್ರ ತರಬೇಡಿ. ಅನುಮತಿ ಇಲ್ಲದೆ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ. ಅಕ್ಕಪಕ್ಕದವರ ಸಿಗ್ನಲ್ಲೂ ಕೆಡುತ್ತದೆ. ಫೋನಿನ ಹಿಂದೆ ಅಂಟಿಸುವ ಸ್ಟಿಕ್ಕರ್‌ಗೆ ಕೊಟ್ಟ ದುಡ್ಡು ಸುಮ್ನೆ ದಂಡ.

ಹಂತ 3: ವಿಳಾಸದ ಚೀಟಿ. ಎಲ್ಲರೂ ಎಡವುವುದು ಇಲ್ಲೇ. ಕರೆ ಎತ್ತುವವರು ನಿಮ್ಮ ಊರಿನಲ್ಲಿ ಕೂತಿರುವುದಿಲ್ಲ. ‘ಗೌಡರ ಮನೆ ಪಕ್ಕ’ ಅಂದರೆ ಅವರಿಗೆ ಏನು ಗೊತ್ತಾಗುತ್ತೆ? ಊರಿನ ಹೆಸರಿನ ಜೊತೆ ಪಂಚಾಯಿತಿ, ಹೋಬಳಿ, ತಾಲ್ಲೂಕು ಬರೆಯಿರಿ. ಹೇಳುವಾಗ ತಾಲ್ಲೂಕು ಮೊದಲು ಬರಲಿ. ನಮ್ಮ ಕಡೆ ಇದು ಇನ್ನೂ ಮುಖ್ಯ. ರಾಮನಗರ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಆಯಿತು. ಬೆಂಗಳೂರು ನಗರ ಜಿಲ್ಲೆಯಲ್ಲೂ ಬೆಂಗಳೂರು ದಕ್ಷಿಣ ಅಂತಲೇ ಒಂದು ತಾಲ್ಲೂಕಿದೆ. ಗಾಬರಿಯಲ್ಲಿ ‘ಬೆಂಗಳೂರು ದಕ್ಷಿಣ’ ಅಂದರೆ ಗಾಡಿ ಎಲ್ಲಿಗೆ ಹೋಗಬೇಕು? ‘ಮಾಗಡಿ ತಾಲ್ಲೂಕು’ ಅನ್ನಿ. ಆನೇಕಲ್, ಅತ್ತಿಬೆಲೆ ಕಡೆಯವರು ‘ಕರ್ನಾಟಕ’ದಿಂದಲೇ ಶುರು ಮಾಡಿ. ಗಡಿಯಲ್ಲಿ ಫೋನ್ ತಮಿಳುನಾಡಿನ ಟವರ್ ಹಿಡಿದು ಕರೆ ಆ ಕಡೆಗೆ ಹೋಗಿರಬಹುದು.

ಗುರುತಿಗೆ ಕತ್ತಲಲ್ಲೂ ಕಾಣುವಂಥದ್ದು ಬೇಕು: ಶಾಲೆ, ಹಾಲಿನ ಡೈರಿ, ನೀರಿನ ಟ್ಯಾಂಕ್. ಮುಖ್ಯರಸ್ತೆಯಲ್ಲಿ ಯಾವ ಕಡೆಯಿಂದ ಬಂದರೆ ಎಡಕ್ಕೋ ಬಲಕ್ಕೋ ಅಂತಲೂ ಬರೆಯಿರಿ. ರಸ್ತೆಯಲ್ಲೇ ಅಪಘಾತವಾಗಿದ್ದರೆ ಹತ್ತಿರದ ಕಿಲೋಮೀಟರ್ ಕಲ್ಲನ್ನು ಓದಿ ಹೇಳಿ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ.

ಇನ್ನೊಂದು ಕೆಲಸ ಇವತ್ತೇ ಮಾಡಿ. ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಮನೆಯ ಮೇಲೆ ಬೆರಳು ಒತ್ತಿ ಹಿಡಿಯಿರಿ. ಎರಡು ಸಂಖ್ಯೆ ಬರುತ್ತವೆ. ಮಾಗಡಿ ಕಡೆಯಾದರೆ ಒಂದು 12 ಅಥವಾ 13ರಿಂದ, ಇನ್ನೊಂದು 77ರಿಂದ ಶುರುವಾಗುತ್ತದೆ. ಎರಡನ್ನೂ ಚುಕ್ಕಿ ಸಮೇತ ಚೀಟಿಗೆ ಇಳಿಸಿ. ಮನೆಯವರಿಗೆ ವಾಟ್ಸ್ಆ್ಯಪ್ ಲೊಕೇಶನ್ ಕಳಿಸಲು ಬರದಿದ್ದರೂ ಡ್ರೈವರ್‌ಗೆ ಈ ಸಂಖ್ಯೆ ಓದಿ ಹೇಳಬಹುದು, ಅಲ್ವಾ?

ಹಂತ 4: ಕರೆ. ಮೊದಲು ಜಾಗ, ಆಮೇಲೆ ಏನಾಗಿದೆ ಅಂತ. ಅವರು ಇಡಿ ಅನ್ನುವವರೆಗೆ ಇಡಬೇಡಿ. ಆಮೇಲೆ ಆ ಫೋನನ್ನು ಯಾರೂ ಮುಟ್ಟಬಾರದು. ನೆಂಟರಿಗೆ ಬೇರೆ ಫೋನಿನಿಂದ ಹೇಳಿ. ಒಬ್ಬರು ಟಾರ್ಚ್ ಹಿಡಿದು ಮುಖ್ಯರಸ್ತೆಗೆ ಹೋಗಲಿ.

ಅಭ್ಯಾಸಕ್ಕೆ ಅಂತ 108ಕ್ಕೆ ಕರೆ ಮಾಡಬೇಡಿ. ನೀವೇ ಊರಿಗೆ ಫೋನ್ ಮಾಡಿ, ‘ಎಲ್ಲಿಗೆ ಬರಬೇಕು?’ ಅಂತ ಕೇಳಿ ಓದಿಸಿ. ಮೊದಲ ಸಲ ನಮ್ಮಮ್ಮ ಕನ್ನಡಕ ಹುಡುಕುತ್ತಾ ನಿಂತರು. ಈಗಿನ ಚೀಟಿಯಲ್ಲಿ ಒಂದೊಂದು ಅಕ್ಷರವೂ ಹೆಬ್ಬೆರಳಷ್ಟು ದಪ್ಪ ಇದೆ.