ಎರರ್ ಬಾರ್ ಇರುವ ಬಾರ್ ಚಾರ್ಟ್: ಎರಡು ಪದರದ ವಿಧಾನ ಕೊನೆಗೂ ಕೈಹಿಡಿಯಿತು

ನಲವತ್ತರ ಹತ್ತಿರ ಬಾರ್ ಚಾರ್ಟ್‌ಗಳು, ಒಂದೊಂದರಲ್ಲೂ ಒಂಬತ್ತರಿಂದ ಹನ್ನೆರಡು ಬಾರ್, ಪ್ರತಿ ಬಾರ್‌ನ ತುದಿಯಲ್ಲಿ ಆ ಬೆಲೆ ಎಷ್ಟು ಏರಿಳಿಯಬಹುದೆಂದು ತೋರಿಸುವ ಗೆರೆ, ಅಂದರೆ ಎರರ್ ಬಾರ್. ಈಗ ಅಷ್ಟೂ, ಆಜ್ಞೆ ಬರೆದು ಚಾರ್ಟ್ ಎಳೆಸುವ ಗ್ನೂಪ್ಲಾಟ್ ಎಂಬ ತಂತ್ರಾಂಶದ ಒಂದೇ ಸ್ಕ್ರಿಪ್ಟ್‌ನಿಂದ ಒಂದು ನಿಮಿಷದೊಳಗೆ ಹೊರಬರುತ್ತವೆ. ದತ್ತಾಂಶದಲ್ಲಿ ಒಂದು ಸಂಖ್ಯೆ ತಿದ್ದಿದರೆ ಮತ್ತೆ ಓಡಿಸಿದರಾಯಿತು. 1986ರಷ್ಟು ಹಳೆಯ ತಂತ್ರಾಂಶ, ಮೌಸ್‌ನಲ್ಲಿ ಎಳೆದು ಕೂರಿಸುವ ಸೌಕರ್ಯವಿಲ್ಲ, ಇದರಲ್ಲಿ ಎರರ್ ಬಾರ್ ಸರಿಯಾಗಿ ಬರುವುದೇ ಇಲ್ಲ ಎಂದು ಮೂಗು ಮುರಿದವರಲ್ಲಿ ಇಬ್ಬರು ಈಗ ಅದೇ ಸ್ಕ್ರಿಪ್ಟ್ ಬಳಸುತ್ತಿದ್ದಾರೆ.

ಅವರ ಮಾತಿಗೆ ಕಾರಣವಿತ್ತು. ಬಾರನ್ನೂ ಎರರ್ ಬಾರನ್ನೂ ಒಟ್ಟಿಗೆ ಎಳೆಯುವ ಬಾಕ್ಸ್‌ಎರರ್‌ಬಾರ್ಸ್ ಶೈಲಿಯಲ್ಲಿ ನನ್ನ ಮೊದಲ ಪ್ರಯತ್ನಗಳೆಲ್ಲ ಕೆಟ್ಟವು. ಅಂಚು ಬೇಡವೆಂದು ಸಾಲಿಡ್ ಬಣ್ಣ ತುಂಬಿದರೆ ಎರರ್ ಬಾರ್‌ಗೂ ಬಾರ್‌ನದೇ ಬಣ್ಣ ಬಂದು, ಕೆಳಗಿನ ಅರ್ಧ ಬಾರ್‌ನೊಳಗೆ ಮಾಯವಾಗುತ್ತದೆ. ನೋಡಿದವರು ಮೇಲಕ್ಕೆ ಮಾತ್ರ ಎರರ್ ಇದೆ ಎಂದುಕೊಳ್ಳುತ್ತಾರೆ. ಇನ್ನೊಂದು ಗುಂಡಿ ಇದಕ್ಕಿಂತ ಆಳ. ಕೆಳತುದಿ, ಮೇಲ್ತುದಿ ಬೇರೆ ಬೇರೆ ಇದ್ದಾಗ ಸಹಜವಾಗಿ ನಾಲ್ಕು ಕಾಲಂ ಕೊಡುತ್ತೇವೆ: ಸ್ಥಾನ, ಸರಾಸರಿ, ಕೆಳತುದಿ, ಮೇಲ್ತುದಿ. ಈ ಶೈಲಿ ನಾಲ್ಕನೆಯ ಕಾಲಮನ್ನು ಬಾರ್‌ನ ಅಗಲ ಎಂದು ಓದುತ್ತದೆ, ಮೂರನೆಯದನ್ನು ಎರರ್‌ನ ಉದ್ದ ಎಂದು. ಮೇಲ್ತುದಿ 16.5 ಇದ್ದರೆ ಬಾರ್‌ನ ಅಗಲ 16.5 ಆಗಿ ಇಡೀ ಚಿತ್ರವನ್ನೇ ನುಂಗುತ್ತದೆ. ಬಾರ್‌ನ ಅಗಲ ಹೇಳುವ ಬಾಕ್ಸ್‌ವಿಡ್ತ್ ಆಜ್ಞೆಗೆ -2 ಎಂದು ಕೊಟ್ಟರೆ ಅಥವಾ ಅಗಲವನ್ನು ಐದನೆಯ ಕಾಲಂ ಆಗಿ ಸೇರಿಸಿದರೆ ಸರಿಹೋಗುತ್ತದೆ, ನಿಜ. ಆದರೆ ಆರು ತಿಂಗಳ ನಂತರ ಅದೇ ಸ್ಕ್ರಿಪ್ಟ್ ತೆರೆದಾಗ ಆ -2 ಯಾಕಿತ್ತು ಎಂದು ಯಾರಿಗೆ ನೆನಪಿರುತ್ತದೆ?

ಹಾಗಾಗಿ ಎರಡನ್ನೂ ಬಿಡಿಸಿದೆ. ಮೊದಲ ಪದರದಲ್ಲಿ ಬಾರ್ ಮಾತ್ರ ಎಳೆಯುವ ಬಾಕ್ಸಸ್ ಶೈಲಿ. ಎರಡನೆಯ ಪದರದಲ್ಲಿ ಎರರ್ ಬಾರ್ ಮಾತ್ರ ಎಳೆಯುವ ವೈಎರರ್‌ಬಾರ್ಸ್, ಕಪ್ಪು ಗೆರೆ, ನಡುವಿನ ಗುರುತು ಚುಕ್ಕೆಯಷ್ಟೇ ಇರಲೆಂದು ಪಾಯಿಂಟ್‌ಟೈಪ್ 0. ಇದರಲ್ಲಿ ನಾಲ್ಕು ಕಾಲಂ ಎಂದರೆ ಸ್ಥಾನ, ಸರಾಸರಿ, ಕೆಳತುದಿ, ಮೇಲ್ತುದಿಯೇ, ಗೊಂದಲವಿಲ್ಲ. ಪ್ಲಾಟ್ ಆಜ್ಞೆಯಲ್ಲಿ ಎಲ್ಲ ಬಾರ್‌ಗಳು ಮೊದಲು, ಎಲ್ಲ ಎರರ್ ಬಾರ್‌ಗಳು ಆಮೇಲೆ. ಒಂದು ಬಾರ್, ಅದರ ಎರರ್, ಮತ್ತೊಂದು ಬಾರ್ ಎಂದು ಹೆಣೆದರೆ ಪಕ್ಕದ ಬಾರ್ ಬಂದು ಹಿಂದಿನದರ ಟೋಪಿಯ, ಅಂದರೆ ಎರರ್ ಬಾರ್‌ನ ಕೊನೆಯ ಅಡ್ಡಗೆರೆಯ, ತುದಿಯನ್ನು ಮುಚ್ಚುತ್ತದೆ. ಟೋಪಿಯ ಅಗಲಕ್ಕೆ ಸೆಟ್ ಎರರ್‌ಬಾರ್ಸ್ 0.6 ನನಗೆ ಹಿಡಿಸಿದ ಅಳತೆ.

ಫೈಲ್‌ನ ವಿನ್ಯಾಸವೇ ಈ ವಿಧಾನದ ಜೀವಾಳ. ಆರು ಕಾಲಂ: ಸ್ಥಾನ, ಹೆಸರು, ಸರಾಸರಿ, ಕೆಳತುದಿ, ಮೇಲ್ತುದಿ, ಮಾದರಿಗಳ ಸಂಖ್ಯೆ. ಸ್ಥಾನವನ್ನು ಕೈಯಾರೆ 1, 2, 3 ಎಂದು ಬರೆಯಿರಿ, ಗ್ನೂಪ್ಲಾಟ್ ತಾನೇ ಎಣಿಸಿ ಕೊಡುವ ಸಾಲಿನ ಸಂಖ್ಯೆ $0 ನಂಬಬೇಡಿ. ಒಂದು ಸಾಲನ್ನು ಬಿಟ್ಟುಬಿಡಲೆಂದು ಅದರ ಮುಂದೆ # ಹಾಕಿದ ಕೂಡಲೇ $0 ಆ ಸಾಲನ್ನು ಎಣಿಸುವುದಿಲ್ಲ, ಆ ಗುಂಪಿನ ಮುಂದಿನ ಬಾರ್‌ಗಳೆಲ್ಲ ಒಂದು ಮನೆ ಎಡಕ್ಕೆ ಸರಿದು ಬೇರೆಯವರ ಹೆಸರಿನ ಮೇಲೆ ನಿಲ್ಲುತ್ತವೆ. ಬೆಲೆ ಇಲ್ಲದ ಕಡೆ ಖಾಲಿ ಬಿಟ್ಟರೂ ಅನಾಹುತವೇ. ಸ್ಪೇಸ್‌ನಿಂದ ಬೇರ್ಪಡಿಸಿದ ಫೈಲ್‌ನಲ್ಲಿ ಮುಂದಿನ ಕಾಲಂ ಹಿಂದಕ್ಕೆ ಜಾರಿ ಕೆಳತುದಿಯೇ ಸರಾಸರಿಯಾಗುತ್ತದೆ. ಅಲ್ಲಿ 'ಸಂಖ್ಯೆಯಲ್ಲ' ಎಂದು ಹೇಳುವ ಎನ್-ಎ-ಎನ್ (NaN) ಎಂಬ ಮೂರಕ್ಷರ ಇರಬೇಕು. ಹೆಸರಿನಲ್ಲಿ ಎರಡು ಪದ ಇದ್ದರೆ ಉದ್ಧರಣ ಚಿಹ್ನೆ ಮರೆಯಬಾರದು.

ಒಂದೊಂದು ಗುಂಪಿಗೆ ಮೂರು ಬಾರ್ ಬೇಕಿದ್ದರೆ ಬಾಕ್ಸ್‌ವಿಡ್ತ್ 0.25 ಆಬ್ಸಲ್ಯೂಟ್, ಸ್ಥಾನಗಳು $1-0.25, $1, $1+0.25 ($1 ಅಂದರೆ ಮೊದಲ ಕಾಲಂ). ಮೂರೂ ಸೇರಿ 0.75, ಗುಂಪುಗಳ ನಡುವೆ 0.25 ಅಂತರ ತಾನಾಗಿ ಉಳಿಯುತ್ತದೆ. ಹೆಸರನ್ನು ನಡುವಿನ ಬಾರ್‌ಗೆ ಮಾತ್ರ ಅಕ್ಷದ ಕೆಳಗೆ ಹೆಸರು ಬರೆಯುವ ಎಕ್ಸ್‌ಟಿಕ್ ಮೂಲಕ ಕೊಡಿ. ಬಾಕ್ಸ್‌ವಿಡ್ತ್ ಹೇಳದೇ ಬಿಟ್ಟರೆ ಪ್ರತಿ ಬಾರ್ ಪಕ್ಕದ ಬಾರ್ ಮುಟ್ಟುವಷ್ಟು ಹಿಗ್ಗುತ್ತದೆ, ನಡುವೆ ಒಂದು ಸ್ಥಾನ ಖಾಲಿಯಿದ್ದರೆ ಅಕ್ಕಪಕ್ಕದವು ಇನ್ನೂ ದಪ್ಪ. ಇಲ್ಲಿಯೇ ನಾನು ಅರ್ಧ ದಿನ ಕಳೆದುಕೊಂಡ ತಪ್ಪು: 0.25 ಬದಲು 1/4 ಬರೆದದ್ದು. ಗ್ನೂಪ್ಲಾಟ್‌ನಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಬರುವುದೂ ಪೂರ್ಣಾಂಕ. 1/4 ಅಂದರೆ 0. ಮೂರು ಬಾರ್‌ಗಳೂ ಒಂದರ ಮೇಲೊಂದು ಕೂತವು, ಕೊನೆಯ ಬಣ್ಣ ಮಾತ್ರ ಎದ್ದು ಕಾಣುತ್ತಿತ್ತು.

ಎರರ್‌ನ ಲೆಕ್ಕವನ್ನು ಚಾರ್ಟ್‌ಗೆ ಬಿಡುವುದು ನನ್ನ ಪ್ರಕಾರ ಎಲ್ಲಕ್ಕಿಂತ ದುಬಾರಿ ತಪ್ಪು. ಸ್ಪ್ರೆಡ್‌ಶೀಟ್‌ನಲ್ಲಿ ಸ್ಟ್ಯಾಂಡರ್ಡ್ ಎರರ್ ಎಂಬ ಆಯ್ಕೆ ಒತ್ತಿದರೆ ಅದು ಚಾರ್ಟ್‌ನಲ್ಲಿರುವ ಸರಾಸರಿಗಳಿಂದಲೇ ಒಂದು ಬೆಲೆ ತೆಗೆದು ಎಲ್ಲ ಬಾರ್‌ಗೂ ಒಂದೇ ಉದ್ದ ಅಂಟಿಸುತ್ತದೆ. ನಮ್ಮ ಪುನರಾವರ್ತನೆಗಳ ಏರಿಳಿತಕ್ಕೂ ಅದಕ್ಕೂ ಸಂಬಂಧವಿಲ್ಲ. ಹೀಗೆ ಒಂದು ಪೋಸ್ಟರ್ ಮುದ್ರಣವಾಗಿ, ಮತ್ತೆ ಮುದ್ರಿಸುವ ಖರ್ಚು ತಲೆಗೆ ಬಿತ್ತು. ಎಲ್ಲ ಎರರ್ ಬಾರ್‌ಗಳೂ ಒಂದೇ ಉದ್ದ ಕಂಡರೆ ಮೊದಲು ಇದನ್ನೇ ಅನುಮಾನಿಸಿ.

ಎಸ್‌ಡಿ, ಅಂದರೆ ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ಹೇಳುವ ಸ್ಟ್ಯಾಂಡರ್ಡ್ ಡೀವಿಯೇಶನ್, ಅದರಲ್ಲೂ ಎಚ್ಚರ ಬೇಕು. ಪೈಥಾನ್‌ನ ಎರಡು ಲೈಬ್ರರಿಗಳಲ್ಲೇ ಲೆಕ್ಕ ಬೇರೆ: ನಂಪೈ ಸುಮ್ಮನೆ ಕೇಳಿದರೆ ಮಾದರಿಗಳ ಸಂಖ್ಯೆಯಿಂದ ಭಾಗಿಸುತ್ತದೆ, ಪಾಂಡಾಸ್ ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ. ಗ್ನೂಪ್ಲಾಟ್‌ನ ಸ್ಟ್ಯಾಟ್ಸ್ ಆಜ್ಞೆ ಎರಡನ್ನೂ ಕೊಡುತ್ತದೆ. ನಮಗೆ ಬೇಕಾದ್ದು ಸ್ಟ್ಯಾಟ್ಸ್_ಎಸ್‌ಎಸ್‌ಡಿ. ಮೂರೇ ಮಾದರಿ ಇದ್ದಾಗ ಎರಡರ ನಡುವೆ ಸುಮಾರು ಶೇ 22ರಷ್ಟು ವ್ಯತ್ಯಾಸ. ಇನ್ನು ಯಾವುದನ್ನು ಎಳೆಯುತ್ತೇವೆ ಎಂಬುದರ ಮೇಲೆ ಚಿತ್ರವೇ ಬದಲಾಗುತ್ತದೆ. ಎಸ್‌ಡಿ 4, ಮಾದರಿ 3 ಎಂದುಕೊಳ್ಳಿ. ಎಸ್‌ಡಿ ಎಳೆದರೆ ಎರರ್ 4, ಅದನ್ನು ಮಾದರಿ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದ ಸ್ಟ್ಯಾಂಡರ್ಡ್ ಎರರ್ ಎಳೆದರೆ 2.3, ಶೇ 95 ವಿಶ್ವಾಸಾಂತರ ಎಳೆದರೆ ಆ ಸ್ಟ್ಯಾಂಡರ್ಡ್ ಎರರನ್ನು 4.303ರಿಂದ ಗುಣಿಸಿ 9.9. ಮೂರೂ ಒಂದೇ ದತ್ತಾಂಶದ್ದು. ಯಾವುದು, ಎಷ್ಟು ಮಾದರಿ ಎಂದು ಚಿತ್ರದ ಕೆಳಗೆ ಬರೆಯದ ಚಾರ್ಟನ್ನು ನಾನು ಓದುವುದೇ ಇಲ್ಲ. ಆರನೆಯ ಕಾಲಂ ಇರುವುದು ಅದಕ್ಕೇ.

ಶೇಕಡಾವಾರು ಅಂಕಿಗಳಲ್ಲಿ ಎರಡೂ ಕಡೆ ಸಮನಾದ ಎರರ್ ಹಾಕಿದರೆ ಅಸಂಬದ್ಧವಾಗುವುದುಂಟು. 40ರಲ್ಲಿ 2 ಅಂದರೆ ಶೇ 5. ಶೇ 95 ವಿಶ್ವಾಸಾಂತರದ ಸಾಮಾನ್ಯ ಸೂತ್ರ ಕೆಳತುದಿಯನ್ನು ಸೊನ್ನೆಗಿಂತ ಕೆಳಗೆ, ಸುಮಾರು -1.8ಕ್ಕೆ ಇಳಿಸುತ್ತದೆ. ಎರಡೂ ಕಡೆ ಬೇರೆ ಬೇರೆ ಉದ್ದ ಕೊಡುವ ವಿಲ್ಸನ್ ವಿಧಾನದಲ್ಲಿ ಅದೇ ಅಂಕಿ ಸುಮಾರು 1.4ರಿಂದ 16.5ರವರೆಗೆ ಬರುತ್ತದೆ. ಫೈಲ್‌ನಲ್ಲಿ ಎರರ್‌ನ ಉದ್ದದ ಬದಲು ಎರಡು ತುದಿಗಳನ್ನೇ ಇಟ್ಟದ್ದು ಇಂಥ ಕಡೆ ಲಾಭ. ಪೈಥಾನ್‌ನಲ್ಲಿ ಚಾರ್ಟ್ ಎಳೆಯುವ ಮ್ಯಾಟ್‌ಪ್ಲಾಟ್‌ಲಿಬ್‌ಗೆ ಇದೇ ಫೈಲ್ ಕೊಡುವುದಾದರೆ ಕಳೆಯುವ ಲೆಕ್ಕ ಮಾಡಿಕೊಳ್ಳಿ, ಅದರ ವೈಎರ್ ಕೇಳುವುದು ಸರಾಸರಿಯಿಂದ ಇರುವ ದೂರ, ತುದಿಯಲ್ಲ.

ಅಕ್ಷ ಸೊನ್ನೆಯಿಂದಲೇ ಶುರುವಾಗಲಿ: ಸೆಟ್ ವೈರೇಂಜ್ [0:*]. 80ರಿಂದ ಶುರು ಮಾಡಿದರೆ 86ರ ಬಾರ್ 82ರ ಬಾರ್‌ಗಿಂತ ಮೂರು ಪಟ್ಟು ಎತ್ತರ ಕಾಣುತ್ತದೆ. ಲಾಗ್ ಅಕ್ಷದಲ್ಲಿ ಸೊನ್ನೆಯೇ ಇಲ್ಲ, ಅಲ್ಲಿ ಬಾರ್ ಬಿಟ್ಟು ಚುಕ್ಕೆ ಹಾಕಿ.

ದುಡ್ಡಿನ ಮಾತು. ಮೊದಲು ಬಳಸುತ್ತಿದ್ದ ತಂತ್ರಾಂಶಕ್ಕೆ ವರ್ಷವರ್ಷವೂ ಚಂದಾ ಕಟ್ಟಬೇಕಿತ್ತು. ಒಂದು ವರ್ಷ ಕಟ್ಟದಿದ್ದಾಗ ಹಳೆಯ ಫೈಲ್‌ಗಳನ್ನು ತಿದ್ದಲು ಆಗಲಿಲ್ಲ. ಗ್ನೂಪ್ಲಾಟ್‌ಗೆ ಕಾಸಿಲ್ಲ, ಫೈಲ್ ಬರೀ ಪಠ್ಯ. ಬಣ್ಣದ ಪುಟಕ್ಕೆ ಮುದ್ರಣದಲ್ಲಿ ಬೇರೆ ದರವಿದ್ದರೆ ಬೂದು ಛಾಯೆಗಳಲ್ಲೇ ಮುಗಿಸಬಹುದು. ಪಟ್ಟೆ ಪಟ್ಟೆಯ ಪ್ಯಾಟರ್ನ್ ತುಂಬಿಯೂ ನೋಡಿದೆ. ಓರೆಗೆರೆಗಳ ನಡುವೆ ಎರರ್ ಬಾರ್ ಕಳೆದುಹೋಗುತ್ತದೆ, ಬೇಡ. ಕಪ್ಪು ಎರರ್ ಬಾರ್ ಸ್ಪಷ್ಟವಾಗಿ ಕಾಣಬೇಕಾದರೆ ಅತಿ ಗಾಢ ಛಾಯೆಯೂ ಒಂದು ಮಿತಿ ದಾಟಬಾರದು. ನಾನು ನೆಲೆಗೊಂಡ ಮೂರು ಛಾಯೆಗಳ ಸಂಖ್ಯೆಯನ್ನು ಇಲ್ಲಿ ಬರೆಯುವುದಿಲ್ಲ. ಬಾರ್‌ಗಳ ವ್ಯತ್ಯಾಸ ಗಣನೀಯ ಎಂದು ತೋರಿಸುವ ನಕ್ಷತ್ರ ಗುರುತು ಎರರ್‌ನ ತುದಿಗಿಂತ ಸ್ವಲ್ಪ ಮೇಲೆ ತಾನಾಗಿ ಕೂರುವಂತೆ ಮಾಡಿದ ಸಾಲನ್ನೂ ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ಸುಳಿವು ಬೇಕಿದ್ದರೆ ಐದನೆಯ ಕಾಲಂ ನೋಡಿ.

ಮುದ್ರಣದ ಅಳತೆಯಲ್ಲೇ ಚಿತ್ರ ತೆಗೆಯಿರಿ: ಪಿಡಿಎಫ್ ಬರೆಯುವ ಪಿಡಿಎಫ್‌ಕೈರೋ ಟರ್ಮಿನಲ್ (ಗ್ನೂಪ್ಲಾಟ್‌ನಲ್ಲಿ ಚಿತ್ರ ಹೊರಬರುವ ರೂಪಕ್ಕೆ ಟರ್ಮಿನಲ್ ಎನ್ನುತ್ತಾರೆ), 8.5 ಸೆಂ.ಮೀ. ಅಗಲ, 6 ಸೆಂ.ಮೀ. ಎತ್ತರ. 17 ಸೆಂ.ಮೀ.ನಲ್ಲಿ ತೆಗೆದು ಆಮೇಲೆ ಕುಗ್ಗಿಸಿದರೆ 9 ಪಾಯಿಂಟ್ ಅಕ್ಷರ 4.5 ಆಗುತ್ತದೆ, ಟೋಪಿಯ ಗೆರೆ ಕೂದಲೆಳೆಯಾಗುತ್ತದೆ.

ನಡುವೆ ಮಾಡಿದ ಒಂದು ಪ್ರಯೋಗ ಅಕ್ಷದ ಹೆಸರುಗಳನ್ನು ಕನ್ನಡದಲ್ಲಿ ಹಾಕುವುದು. ಹಳೆಯ ಪಿಎನ್‌ಜಿ ಟರ್ಮಿನಲ್‌ನಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಬಿದ್ದವು. ಪಿಎನ್‌ಜಿಕೈರೋ ಮತ್ತು ಪಿಡಿಎಫ್‌ಕೈರೋ ಪ್ಯಾಂಗೋ ಮೂಲಕ ಅಕ್ಷರ ಜೋಡಿಸುವುದರಿಂದ ನೋಟೋ ಸಾನ್ಸ್ ಕನ್ನಡ ಫಾಂಟ್‌ನಲ್ಲಿ 'ಸ್ತಂಭ', 'ಸಾಂದ್ರತೆ' ಎರಡೂ ಸರಿಯಾಗಿ ಕೂತವು. ಒತ್ತಕ್ಷರ ಕೆಳಕ್ಕೆ ಇಳಿಯುವುದರಿಂದ ಕೆಳಗಿನ ಅಂಚಿಗೆ ಇನ್ನೊಂದು ಸಾಲಿನಷ್ಟು ಜಾಗ ಬಿಡಬೇಕು, ಬಿಮಾರ್ಜಿನ್ ಹೆಚ್ಚಿಸಿದರೆ ಸಾಕು.