‘ಪರವಾಗಿಲ್ಲ’ ಅಂದರೆ ಹೊಗಳಿಕೆಯೋ, ತೆಗಳಿಕೆಯೋ?

ಆನ್‌ಲೈನ್ ಕ್ಲಾಸ್ ಹೇಗಿತ್ತು ಅಂತ ನಮ್ಮ ಹುಡುಗರನ್ನು ಕೇಳಿ ನೋಡಿ. ಹತ್ತರಲ್ಲಿ ನಾಲ್ಕು ಜನ ಹೇಳುವುದು ಒಂದೇ ಪದ: ‘ಪರವಾಗಿಲ್ಲ’. ಎದುರಿಗೆ ಕೂತು ಕೇಳಿದರೆ ಅದು ಮೆಚ್ಚಿದ್ದೋ, ಸುಮ್ನೆ ತಳ್ಳಿಹಾಕಿದ್ದೋ ಅಂತ ಮುಖದಲ್ಲೇ ಗೊತ್ತಾಗುತ್ತದೆ. ಕಂಪ್ಯೂಟರ್‌ಗೆ ಮುಖ ಕಾಣುವುದಿಲ್ಲ. ಪದದ ಕೊನೆಗೆ ‘ಇಲ್ಲ’ ಇದೆಯಲ್ಲ, ಹಾಗಾಗಿ ಇದು ದೂರು ಅಂತ ಬರೆದುಕೊಂಡು ಮುಂದೆ ಹೋಗುತ್ತದೆ.

ಕಳೆದ ವರ್ಷ ನನ್ನ ಅಕ್ಕನ ಮಗಳು ಕಾಲೇಜು ಪ್ರಾಜೆಕ್ಟ್‌ಗೆ ಇದೇ ವಿಷಯ ತೆಗೆದುಕೊಂಡಿದ್ದಳು: ಆನ್‌ಲೈನ್ ಪಾಠದ ಬಗ್ಗೆ ವಿದ್ಯಾರ್ಥಿಗಳು ಬರೆದ ಮಾತುಗಳನ್ನು ಕಂಪ್ಯೂಟರ್‌ನಿಂದ ವಿಂಗಡಿಸುವುದು. ಇದಕ್ಕೆ ಅಭಿಪ್ರಾಯ ವಿಶ್ಲೇಷಣೆ ಎನ್ನುತ್ತಾರೆ. ಅವಳ ಜೊತೆ ಕೂತು ಒದ್ದಾಡಿದಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸ್ವಲ್ಪ ಬಂದರೆ ಸಾಕು.

1. ಪ್ರಶ್ನೆಯನ್ನು ಚಿಕ್ಕದು ಮಾಡಿ

‘ಆನ್‌ಲೈನ್ ಶಿಕ್ಷಣ ಒಳ್ಳೆಯದೇ?’ ಎಂಬ ಪ್ರಶ್ನೆಗೆ ಯಾವ ಕಂಪ್ಯೂಟರೂ ಉತ್ತರ ಕೊಡುವುದಿಲ್ಲ. ‘ಧ್ವನಿ, ಪಾಠದ ವೇಗ, ಭಾಷೆ, ಪರೀಕ್ಷೆ, ಸಮಯ: ಇವುಗಳಲ್ಲಿ ಯಾವುದರ ಬಗ್ಗೆ ದೂರು ಜಾಸ್ತಿ?’ ಅಂತ ಕೇಳಿ. ಒಂದೇ ಸಾಲಿನಲ್ಲಿ ‘ಮೇಡಂ ಚೆನ್ನಾಗಿ ಹೇಳ್ತಾರೆ, ಆದ್ರೆ ವಾಯ್ಸ್ ಕಟ್ ಆಗುತ್ತೆ’ ಅಂತ ಬರೆಯುವವರೇ ಬಹಳ. ಅಂಶಗಳನ್ನು ಬೇರೆ ಮಾಡದಿದ್ದರೆ ಹೊಗಳಿಕೆ, ದೂರು ಎರಡೂ ಕಲಸಿಹೋಗುತ್ತವೆ.

2. ಯಾರು ಉತ್ತರ ಕೊಡುತ್ತಿಲ್ಲ ಅಂತ ಮೊದಲೇ ಯೋಚಿಸಿ

ಗೂಗಲ್ ಫಾರ್ಮ್ ಕಳಿಸುವುದು ಸುಲಭ. ಆದರೆ ನೆಟ್‌ವರ್ಕ್ ಸಿಗದವರು ಅದನ್ನು ತುಂಬುವುದೇ ಇಲ್ಲ. ಆನ್‌ಲೈನ್ ಪಾಠದಿಂದ ಜಾಸ್ತಿ ಕಷ್ಟಪಟ್ಟವರೂ ಅವರೇ ಅಲ್ವಾ? 2020ರಲ್ಲಿ ಶಾಲೆಗಳು ಮುಚ್ಚಿದಾಗ ರಾಜ್ಯ ಸರ್ಕಾರ ದೂರದರ್ಶನದ ಚಂದನ ವಾಹಿನಿಯಲ್ಲೂ ಪಾಠ ಹಾಕಬೇಕಾಯಿತು. ಸ್ಮಾರ್ಟ್‌ಫೋನ್ ಇಲ್ಲದ ಮನೆಗಳು ಅಷ್ಟಿದ್ದವು. ಅದಕ್ಕೇ ಒಂದಷ್ಟು ಉತ್ತರಗಳನ್ನು ಕಾಗದದ ಮೇಲೆ ಬರೆಸಿಕೊಂಡು ನೀವೇ ಟೈಪ್ ಮಾಡಿ. ಬೇಜಾರಿನ ಕೆಲಸ, ಒಪ್ಪಿದೆ.

ಫಾರ್ಮ್‌ನಲ್ಲಿ ಹೆಸರು, ಮೊಬೈಲ್ ನಂಬರ್ ಕೇಳಬೇಡಿ. ಬರೆಯಲು ಬಿಡುವ ಪ್ರಶ್ನೆ ಎರಡೇ ಇರಲಿ: ಏನು ಇಷ್ಟವಾಯಿತು, ಏನು ಕಷ್ಟವಾಯಿತು. ಉತ್ತರ ಯಾತಕ್ಕೆ ಬಳಸುತ್ತೀರಿ ಅಂತ ಮೇಲ್ಗಡೆಯೇ ಹೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಪಿಯು ವಿದ್ಯಾರ್ಥಿಗಳನ್ನು ಕೇಳುವುದಾದರೆ ಅಪ್ಪ ಅಮ್ಮನ ಒಪ್ಪಿಗೆ ತೆಗೆದುಕೊಳ್ಳಿ.

3. ಸ್ವಚ್ಛ ಮಾಡಿ, ಆದರೆ ತೀರಾ ತೊಳೆಯಬೇಡಿ

ಫಾರ್ಮ್‌ನಿಂದ ಇಳಿಸಿಕೊಂಡ ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ ಕನ್ನಡದ ಜಾಗದಲ್ಲಿ ಚಿತ್ರವಿಚಿತ್ರ ಗುರುತುಗಳು ಕಾಣಬಹುದು. ಗಾಬರಿ ಬೇಡ. ಡೇಟಾ ಮೆನುವಿಗೆ ಹೋಗಿ, ಫೈಲನ್ನು ಯುಟಿಎಫ್-8 ಅಂತ ಆರಿಸಿ ಒಳಗೆ ತಂದುಕೊಳ್ಳಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದಿದ್ದರೆ ಯೂನಿಕೋಡ್‌ಗೆ ಬದಲಿಸಿ.

ನಮ್ಮವರು ಬರೆಯುವುದು ಮೂರು ಥರ: ಕನ್ನಡ ಲಿಪಿಯಲ್ಲಿ ಕನ್ನಡ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಎರಡೂ ಸೇರಿದ ಕಲಬೆರಕೆ. ಯಾವ ಸಾಲು ಯಾವ ಥರ ಅಂತ ಒಂದು ಕಾಲಂನಲ್ಲಿ ಗುರುತು ಹಾಕಿ. ಇಮೋಜಿಗಳನ್ನು ಅಳಿಸಬೇಡಿ. ‘ಸೂಪರ್ ಕ್ಲಾಸ್’ ಬರೆದು ಪಕ್ಕದಲ್ಲಿ ನಿದ್ದೆ ಮಾಡುವ ಮುಖ ಹಾಕಿದ್ದರೆ, ನಿಜ ಹೇಳುವುದು ಆ ಮುಖವೇ.

4. ಇಬ್ಬರು ಕೂತು ಕೈಯಲ್ಲೇ ಗುರುತು ಹಾಕಿ

ಇಡೀ ಕೆಲಸದ ಜೀವ ಇಲ್ಲಿದೆ. ಬಹಳ ಜನ ಹಾರಿಸಿಬಿಡುವ ಹಂತವೂ ಇದೇ.

ಮೊದಲು ಗುರುತುಗಳನ್ನು ನಿರ್ಧರಿಸಿ. ಯೂಟ್ಯೂಬ್‌ನ ಕನ್ನಡ ಕಾಮೆಂಟ್‌ಗಳಿಂದ 2020ರಲ್ಲಿ ಸಂಶೋಧಕರು ಕಟ್ಟಿದ ‘ಕನ್‌ಸಿಎಂಡಿ’ ಎಂಬ ಸಂಗ್ರಹದಲ್ಲಿ 7,671 ಕಾಮೆಂಟ್‌ಗಳಿವೆ. ಅದರಲ್ಲಿ ಐದು ಗುರುತು ಇಟ್ಟಿದ್ದಾರೆ: ಮೆಚ್ಚುಗೆ, ದೂರು, ಎರಡೂ ಬೆರೆತದ್ದು, ಯಾವುದೂ ಅಲ್ಲದ್ದು, ಕನ್ನಡವೇ ಅಲ್ಲದ್ದು. ನಿಮಗೂ ಇದೇ ಸಾಕು.

ಆಮೇಲೆ ಒಂದು ಹಾಳೆಯಲ್ಲಿ ನಿಯಮ ಬರೆದುಕೊಳ್ಳಿ. ನಮ್ಮ ಹಾಳೆಯ ಮೊದಲ ನಿಯಮವೇ ‘ಪರವಾಗಿಲ್ಲ’ದ ಬಗ್ಗೆ. ಒಂಟಿಯಾಗಿ ಬಂದರೆ ಯಾವುದೂ ಅಲ್ಲದ್ದು. ‘ಪರವಾಗಿಲ್ಲ, ಅರ್ಥ ಆಯ್ತು’ ಎಂದಿದ್ದರೆ ಮೆಚ್ಚುಗೆ. ‘ನೆಟ್ ಇಲ್ಲದಿದ್ರೂ ಪರವಾಗಿಲ್ಲ ಅಂತಾರೆ, ಅಟೆಂಡೆನ್ಸ್ ಮಾತ್ರ ಕೊಡಲ್ಲ’ ಎಂದಿದ್ದರೆ ದೂರು. ಈ ಮೂರನೆಯದನ್ನು ಒಳ್ಳೆಯ, ಕೆಟ್ಟ ಪದಗಳ ಯಾವ ಪಟ್ಟಿ ಹಿಡಿದೀತು, ಹೇಳಿ?

ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ನೋಡದೆ, ಇಬ್ಬರೂ ಅದೇ 100 ಸಾಲುಗಳಿಗೆ ಗುರುತು ಹಾಕಿ. 80ರಲ್ಲಿ ಹೊಂದಿಕೆಯಾದರೆ ಖುಷಿಪಡುವ ಮುಂಚೆ ಒಂದು ಲೆಕ್ಕ ಮಾಡಿ. ಇರುವುದು ಎರಡೇ ಗುರುತು, ಇಬ್ಬರೂ 60ಕ್ಕೆ ಮೆಚ್ಚುಗೆ, 40ಕ್ಕೆ ದೂರು ಎಂದಿದ್ದೀರಿ ಅಂತಿಟ್ಟುಕೊಳ್ಳಿ. ಕಣ್ಣು ಮುಚ್ಚಿ ಹಾಕಿದ್ದರೂ 52ರಲ್ಲಿ ಹೊಂದಿಕೆಯಾಗುತ್ತಿತ್ತು (0.6ರ ವರ್ಗ 0.36, 0.4ರ ವರ್ಗ 0.16, ಎರಡೂ ಸೇರಿ 0.52). ಅಂದರೆ ಅದೃಷ್ಟದಾಚೆ ಗಳಿಸಲು ಉಳಿದದ್ದು 48. ನೀವು ಗಳಿಸಿದ್ದು 28. ಭಾಗಿಸಿದರೆ 0.58. ಇದಕ್ಕೆ ಕೊಹೆನ್ ಕಪ್ಪಾ ಎನ್ನುತ್ತಾರೆ. ಜೇಕಬ್ ಕೊಹೆನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ 1960ರಲ್ಲಿ ಕೊಟ್ಟ ಲೆಕ್ಕ. 0.58 ಬಂದರೆ ಇನ್ನೊಮ್ಮೆ ಕೂತು, ಜಗಳವಾದ ಸಾಲುಗಳನ್ನು ಓದಿ, ನಿಯಮ ತಿದ್ದಿ. ಮನುಷ್ಯರೇ ಒಪ್ಪದ ವಿಷಯವನ್ನು ಕಂಪ್ಯೂಟರ್‌ಗೆ ಹೇಳಿಕೊಡುವುದು ಹೇಗೆ?

5. ಕಂಪ್ಯೂಟರ್‌ಗೆ ಕಲಿಸಿ

ಎಲ್ಲರಿಗೂ ಮೊದಲು ಹೊಳೆಯುವುದು ಪದಪಟ್ಟಿ. ಒಳ್ಳೆಯ ಪದ ಇಷ್ಟು, ಕೆಟ್ಟ ಪದ ಇಷ್ಟು ಅಂತ ಎಣಿಸುವುದು. 2002ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯ ಮತ್ತು ಐಬಿಎಂನ ಸಂಶೋಧಕರು ಇಂಗ್ಲಿಷ್ ಸಿನಿಮಾ ವಿಮರ್ಶೆಗಳ ಮೇಲೆ ಇದನ್ನು ಪರೀಕ್ಷಿಸಿದ್ದರು. ಮನುಷ್ಯರು ಯೋಚಿಸಿ ಕೊಟ್ಟ ಎರಡು ಪದಪಟ್ಟಿಗಳು ಸರಿ ಹೇಳಿದ್ದು ಶೇ 58 ಮತ್ತು ಶೇ 64. ಉದಾಹರಣೆಗಳಿಂದ ತಾನೇ ಕಲಿತ ಯಂತ್ರ ಶೇ 82.9ರವರೆಗೆ ಹೋಯಿತು. ಕನ್ನಡದಲ್ಲಂತೂ ಪದಪಟ್ಟಿಯ ಪಾಡು ಇನ್ನೂ ಕಷ್ಟ. ‘ಅರ್ಥವಾಯಿತು’, ‘ಅರ್ಥವಾಗಲಿಲ್ಲ’, ‘ಅರ್ಥವಾಗದ’: ಶುರು ಒಂದೇ, ನಿಜವಾದ ವಿಷಯ ಇರುವುದು ಬಾಲದಲ್ಲಿ. ಮೇಷ್ಟ್ರ ಹೆಸರು ಸಂತೋಷ ಅಂತಿದ್ದರಂತೂ ಅವರ ಮೇಲಿನ ದೂರೆಲ್ಲ ಹೊಗಳಿಕೆಯಾಗಿಬಿಡುತ್ತದೆ.

ಹಾಗಾಗಿ ಪೈಥಾನ್‌ನ ಸೈಕಿಟ್-ಲರ್ನ್ ಬಳಸಿ. ಉದಾಹರಣೆಗಳಿಂದ ಯಂತ್ರಕ್ಕೆ ಕಲಿಸುವ ಉಚಿತ ಸಲಕರಣೆ ಅದು. ಇಲ್ಲೊಂದು ಗುಂಡಿ ಇದೆ, ನಾವು ಬಿದ್ದು ಎದ್ದದ್ದು. ಸಾಲನ್ನು ಪದಗಳಾಗಿ ಒಡೆಯಲು ಅದರಲ್ಲಿ ಮೊದಲೇ ಇರುವ ನಿಯಮ ಕನ್ನಡದ ಕಾಗುಣಿತದ ಗುರುತುಗಳನ್ನು ಅಕ್ಷರ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ದೀರ್ಘ, ಒತ್ತು ಬಂದಲ್ಲೆಲ್ಲ ಪದವನ್ನು ಕತ್ತರಿಸುತ್ತದೆ, ಒಂಟಿ ಅಕ್ಷರ ಉಳಿದರೆ ಎಸೆಯುತ್ತದೆ. ‘ಪರವಾಗಿಲ್ಲ’ದಲ್ಲಿ ಉಳಿಯುವುದು ‘ಪರವ’. ‘ಚೆನ್ನಾಗಿದೆ’ ಪೂರ್ತಿ ಮಾಯ! ಎರಡು ದಿನ ನಮ್ಮ ಯಂತ್ರ ಹೊಗಳಿಕೆಯನ್ನು ಗುರುತಿಸದೆ ಸತಾಯಿಸಿದ್ದು ಇದಕ್ಕೇ. ಜಾಗ ಬಿಟ್ಟ ಕಡೆ ಮಾತ್ರ ಪದ ಒಡೆಯುವಂತೆ ನಿಯಮ ಬದಲಿಸಿ. ಇನ್ನೂ ಒಳ್ಳೆಯದೆಂದರೆ, ಪದದ ಬದಲು ಪದದೊಳಗಿನ ಮೂರರಿಂದ ಐದು ಅಕ್ಷರದ ತುಂಡುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ (ಇಲ್ಲಿ ಕಾಗುಣಿತದ ಒಂದೊಂದು ಗುರುತೂ ಒಂದೊಂದು ಅಕ್ಷರ). ಆಗ ‘ಲಿಲ್ಲ’, ‘ಗಲ್ಲ’ ಎಂಬ ಬಾಲಗಳು ಯಂತ್ರದ ಕಣ್ಣಿಗೆ ಬೀಳುತ್ತವೆ. ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುವ ತೊಂದರೆಗೂ ಇದು ಸ್ವಲ್ಪ ಮದ್ದು.

ಗುರುತು ಹಾಕಿದ ಸಾಲುಗಳಲ್ಲಿ ಐದರಲ್ಲೊಂದು ಪಾಲನ್ನು ಬಚ್ಚಿಟ್ಟು, ಉಳಿದದ್ದರಿಂದ ಕಲಿಸಿ. ನೈವ್ ಬೇಯ್ಸ್ ಅಥವಾ ಲಾಜಿಸ್ಟಿಕ್ ರಿಗ್ರೆಶನ್ ಎಂಬ ಸಣ್ಣ ಮಾದರಿಗಳು ಸಾಕು, ಸಾಧಾರಣ ಲ್ಯಾಪ್‌ಟಾಪ್‌ನಲ್ಲೇ ಓಡುತ್ತವೆ. ಇದರಾಚೆ ಹೋಗಬೇಕೆಂದರೆ ಗೂಗಲ್‌ನವರ ಮ್ಯೂರಿಲ್ ಇದೆ. ಕನ್ನಡವೂ ಸೇರಿ 17 ಭಾಷೆಗಳ ಬರಹ ಓದಿದ ಮಾದರಿ ಅದು, ಇಂಗ್ಲಿಷ್ ಅಕ್ಷರದ ಕನ್ನಡವನ್ನೂ ನೋಡಿದೆ. ಆದರೆ ಸಣ್ಣ ಮಾದರಿ ಎಷ್ಟು ಅಂಕ ತೆಗೆಯುತ್ತದೆ ಅಂತ ನೋಡದೆ ದೊಡ್ಡದಕ್ಕೆ ಕೈ ಹಾಕಬೇಡಿ.

6. ತಪ್ಪುಗಳನ್ನು ಓದಿ

ಬಚ್ಚಿಟ್ಟ ಸಾಲುಗಳ ಮೇಲೆ ಪರೀಕ್ಷೆ ಮಾಡಿ. ಶೇ 75 ಬಂತು ಅಂತ ಹಿಗ್ಗಬೇಡಿ. ನಿಮ್ಮ ಸಾಲುಗಳಲ್ಲಿ ಶೇ 70 ಹೊಗಳಿಕೆಯೇ ಇದ್ದರೆ, ಎಲ್ಲದಕ್ಕೂ ‘ಹೊಗಳಿಕೆ’ ಎನ್ನುವ ಸೋಮಾರಿ ಯಂತ್ರಕ್ಕೂ 70 ಸಿಗುತ್ತದೆ. ದೂರುಗಳಲ್ಲಿ ಎಷ್ಟನ್ನು ಸರಿಯಾಗಿ ಹಿಡಿಯಿತು ಅಂತ ಬೇರೆಯಾಗಿ ನೋಡಿ. ಕಾಲೇಜಿಗೆ ಬೇಕಿರುವುದೂ ಅದೇ.

ಆಮೇಲೆ ಯಂತ್ರ ತಪ್ಪಿದ ಸಾಲುಗಳನ್ನೆಲ್ಲ ಒಂದು ಶೀಟಿಗೆ ಹಾಕಿ, ಚಹಾ ತಂದುಕೊಂಡು ಒಂದೊಂದಾಗಿ ಓದಿ. ಅಕ್ಕನ ಮಗಳ ಶೀಟಿನಲ್ಲಿ ‘ಪಾಠ ಚೆನ್ನಾಗಿದೆ, ಆದ್ರೆ ಏಳು ಗಂಟೆಗೆ’ ಅಂತ ಮುಗಿಯುವ ಸಾಲುಗಳು ಆರೇಳು ಇದ್ದವು. ಯಂತ್ರ ಅವೆಲ್ಲವನ್ನೂ ಮೆಚ್ಚುಗೆಗೆ ಹಾಕಿತ್ತು. ಏಳು ಗಂಟೆಗೆ ಏನಾಗುತ್ತೆ ಅಂತ ಅವಳು ಹಾಸ್ಟೆಲ್ ಹುಡುಗಿಯರನ್ನು ಕೇಳಿದಳು. ಅವರ ಊಟದ ಗಂಟೆ ಹೊಡೆಯುವುದು ಏಳಕ್ಕೆ. ಪ್ರಾಜೆಕ್ಟ್ ವರದಿಯ ಮೊದಲ ಪುಟದಲ್ಲಿ ಅವಳು ಬರೆದದ್ದು ಅದನ್ನೇ. ಕ್ಲಾಸ್ ಈಗ ಎಂಟಕ್ಕೆ ಶುರುವಾಗುತ್ತಿದೆಯಂತೆ.